ಮತ ಕೇಳದ ಅಭ್ಯರ್ಥಿ

ನಮ್ಮ ವಾರ್ಡಿನ ಕಾರ್ಪೊರೇಟರ್ ಚುನಾವಣೆಯಲ್ಲಿ ನಮ್ಮ ಅತ್ಯಾಳ ವಿರುದ್ಧ ಎಲ್ಲರಿಗಿಂತ ಚೆನ್ನಾಗಿ ಪ್ರಚಾರ ಮಾಡಿದವರು ಯಾರು ಎಂದು ನನ್ನನ್ನು ಕೇಳಿದರೆ, ಒಂದು ಕ್ಷಣವೂ ಯೋಚಿಸದೆ ಹೇಳುತ್ತೇನೆ: ನಮ್ಮ ಅತ್ಯಾ. ಎದುರು ಪಕ್ಷದವರು ಜೀಪು, ಮೈಕು, ಡೋಲು, ಹಾರ ಎಲ್ಲ ಇಟ್ಟುಕೊಂಡೂ ಅವಳ ಅರ್ಧದಷ್ಟು ಕೆಲಸ ಮಾಡಲಿಲ್ಲ. ಇವಳು ಒಂದು ಜೊತೆ ಹವಾಯಿ ಚಪ್ಪಲಿಯಲ್ಲಿ ಅಷ್ಟನ್ನೂ ಸಾಧಿಸಿದಳು.

ಇದು ಆರೋಪ. ಆರೋಪ ಹೊರಿಸಿದವರೇ ಸಾಕ್ಷ್ಯ ಕೊಡಬೇಕು ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ. ಕೊಡುತ್ತೇನೆ, ಕೇಳಿ.

ಅತ್ಯಾ ಎಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಿ ಕಲಬುರಗಿಯಿಂದ ಹೈದರಾಬಾದಿಗೆ ಬಂದವಳು. ಇಲ್ಲಿನ ಒಂದು ಸರಕಾರಿ ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು. ಮಾಮಾ ಇಲ್ಲ, ಮಕ್ಕಳಿಲ್ಲ. ಕಾನೂನು ಓದಲು ಬಂದ ತಮ್ಮನ ಮಗಳು ನಾನು ಮೂರು ವರ್ಷದಿಂದ ಅವಳ ಮನೆಯಲ್ಲಿ ಠಿಕಾಣಿ ಹೂಡಿದ್ದೇನೆ. ಜಗತ್ತಿನಲ್ಲಿ ಯಾರನ್ನು ಬೇಕಾದರೂ ಎದುರು ಹಾಕಿಕೊಂಡು ವಾದಿಸಬಲ್ಲ ನನ್ನಲ್ಲೂ, ಯಾರ ಮುಂದೆಯೂ ‘ಇದು ಬೇಕು’ ಎನ್ನಲಾರದ ಅವಳಲ್ಲೂ ಒಂದೇ ಮನೆತನದ ರಕ್ತ ಹೇಗೆ ಹರಿಯುತ್ತದೆ ಎಂಬುದನ್ನು ವಿಜ್ಞಾನಿಗಳು ನೋಡಿಕೊಳ್ಳಲಿ.

ಹೌದು, ಅದೇ ಅವಳ ವಿಚಿತ್ರ. ಅತ್ಯಾಗೆ ಕೇಳುವುದು ಬಾರದು. ಕಿವಿ ಚೆನ್ನಾಗಿದೆ, ನಾನು ಹೇಳುತ್ತಿರುವುದು ಇನ್ನೊಬ್ಬರ ಮುಂದೆ ಬಾಯಿ ತೆರೆಯುವ ವಿಷಯ. ಕೊಡುವುದೆಂದರೆ ಅವಳಿಗೆ ಎರಡು ಕೈ ಸಾಲದು. ಕೇಳುವುದೆಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಇಡೀ ನೌಕರಿಯಲ್ಲಿ ಅವಳು ಒಂದು ದಿನವೂ ರಜೆ ಹಾಕಲಿಲ್ಲವೆಂದು ಕಾರ್ಖಾನೆಯವರು ಶಾಲು ಹೊದಿಸಿದರು, ಕರ್ತವ್ಯನಿಷ್ಠೆ ಎಂದು ಭಾಷಣ ಮಾಡಿದರು. ಎಂಥ ನಿಷ್ಠೆ? ರಜೆ ಕೇಳಬೇಕಲ್ಲ, ಅದಕ್ಕೆ! ಕಚೇರಿಯ ಬೇರೆಲ್ಲರ ರಜೆ ಅರ್ಜಿಗಳನ್ನು ಟೈಪ್ ಮಾಡಿಕೊಟ್ಟವಳು ಅವಳೇ ಎಂಬುದನ್ನು ಮಾತ್ರ ಯಾರೂ ಭಾಷಣದಲ್ಲಿ ಹೇಳಲಿಲ್ಲ.

ಸುಲ್ತಾನ್ ಬಜಾರಿಗೆ ಹೋದರೆ ಸೀರೆಯ ಬೆಲೆ ಕೇಳುವುದಿಲ್ಲ. ಸೆರಗು ಹಿಡಿದು ಸುಮ್ಮನೆ ನೋಡುತ್ತ ನಿಲ್ಲುತ್ತಾಳೆ. ಅಂಗಡಿಯವನು ತಾನಾಗಿ ಬೆಲೆ ಹೇಳುತ್ತಾನೆ. ಇವಳು ನೋಡುತ್ತಲೇ ಇರುತ್ತಾಳೆ. ಅವನು ಇಳಿಸುತ್ತಾನೆ. ಇವಳು ಇನ್ನೂ ನೋಡುತ್ತಾಳೆ. ಕೊನೆಗೆ ಅವನು, “ಅಮ್ಮಾ, ಕುಛ್ ತೋ ಬೋಲೋ” ಎಂದು, ಏನಾದರೂ ಮಾತಾಡಲೆಂದು ಬೇಡಿ, ಬೆವರೊರೆಸಿಕೊಂಡು, ಗಂಟಲು ಹರಿದುಕೊಂಡು ಚೌಕಾಸಿ ಮಾಡುವವರಿಗೂ ಸಿಗದ ಬೆಲೆಗೆ ಕಟ್ಟಿಕೊಡುತ್ತಾನೆ. ಇದು ಲಾಭದ ಬಾಬತ್ತು. ನಷ್ಟದ ಬಾಬತ್ತೂ ಇದೆ. ಒಮ್ಮೆ ಲಿಂಗಂಪಲ್ಲಿಗೆ ಬರಬೇಕಾದವಳು ಉಪ್ಪಲ್‌ನಲ್ಲಿ ಇಳಿದಳು. ಊರಿನ ಈ ತುದಿಗೆ ಬರಬೇಕಾದವಳು ಆ ತುದಿ ಮುಟ್ಟಿದಳು ಎಂದರ್ಥ.

“ಈ ಬಸ್ಸು ಎಲ್ಲಿಗೆ ಹೋಗ್ತದ ಅಂತ ಒಂದು ಮಾತು ಕೇಳಬಾರದಿತ್ತಾ ಅತ್ಯಾ?” ಎಂದೆ.

“ಡ್ರೈವರ್ ಪಾಪ ಗಾಡಿ ಹೊಡ್ಯಾಕತ್ತಿದ್ದ. ನಡುವ ಅವಂಗ್ಯಾಕ ತ್ರಾಸು? ಉಪ್ಪಲ್ಲೂ ಛಲೋ ಐತಿ ಬಿಡು” ಎಂದಳು.

ಇಂಥವಳು ಚುನಾವಣೆಗೆ ನಿಂತದ್ದೇಕೆ? ತಮಾಷೆ ಇರುವುದೇ ಇಲ್ಲಿ. ಕೇಳುವುದನ್ನು ತಪ್ಪಿಸಿಕೊಳ್ಳಲು.

ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ತರಕಾರಿ ಬಜಾರಿದೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂತು ಮಾರುವವರು ಬಹುತೇಕ ಹೆಂಗಸರು. ಅವರಿಗೊಂದು ಶೌಚಾಲಯವಿಲ್ಲ. ಗಂಡಸರಿಗೂ ಇಲ್ಲ, ಆದರೆ ಗಂಡಸರಿಗೆ ಇಡೀ ಊರಿನ ಗೋಡೆಗಳಿವೆಯಲ್ಲ. ಅಲ್ಲೊಂದು ಹೆಂಗಸರ ಶೌಚಾಲಯ ಆಗಲೇಬೇಕು ಎಂಬುದು ಅತ್ಯಾಳ ಬಹಳ ದಿನದ ಹಟ. ಕಾರ್ಪೊರೇಟರಿಗೆ ಒಂದು ಅರ್ಜಿ ಬರೆದು ಕೊಡು ಎಂದು ನಾನು ಹೇಳುತ್ತಲೇ ಇದ್ದೆ.

“ಅರ್ಜಿ ಅಂದ್ರ ಕೇಳಿದಂಗನ ಅಲ್ಲೇನು?” ಎನ್ನುತ್ತಿದ್ದಳು. ಅಲ್ಲಿಗೆ ಶೌಚಾಲಯದ ಕಡತ ಮುಚ್ಚುತ್ತಿತ್ತು.

ಅಷ್ಟರಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಕಾರ್ಖಾನೆಯ ಹಳೆಯ ಯೂನಿಯನ್ನಿನವರು ಕಟ್ಟಿಕೊಂಡ ಒಂದು ಪುಟ್ಟ ಪಕ್ಷ ನಮ್ಮಲ್ಲಿದೆ. ಅದರ ಸೆಕ್ರೆಟರಿ ಸಾಹೇಬರು ಬೆಳಗ್ಗೆಯೇ ಬಂದು ಕೂತರು. ಇವರೂ ನಮ್ಮ ಕಡೆಯವರೇ, ರಾಯಚೂರಿನವರು, ಅತ್ಯಾಳ ಜೊತೆ ದುಡಿದವರು.

“ಅಕ್ಕಾರ, ಪಾರ್ಟಿ ನಿಮ್ಮ ಹೆಸರು ಹೇಳಾಕತ್ತೈತಿ” ಎಂದರು. ಪಾರ್ಟಿ ಎಂದರೆ ಅವರು ಮತ್ತು ಆರು ಪ್ಲಾಸ್ಟಿಕ್ ಕುರ್ಚಿ.

ಅತ್ಯಾ ಹಿಂದಿನ ಕಿಟಕಿಯಿಂದ ಬಜಾರಿನ ಕಡೆ ನೋಡಿದಳು. ಆಮೇಲೆ, “ಕಾರ್ಪೊರೇಟರ್ ಆದ್ರ ಆ ಪಾಯಖಾನಿ ನಾನ ಕಟ್ಟಸಬಹುದು. ಯಾರನ್ನೂ ಕೇಳೂದು ಬರೂದಿಲ್ಲ” ಎಂದಳು.

“ಮಂದಿ ನಿಮ್ಮನ್ನ ಕೇಳ್ತಾರ್ರೀ ಅಕ್ಕಾರ.”

“ಹಂಗಿದ್ರ ನಿಲ್ತೀನಿ.”

ಒಂದು ಅರ್ಜಿ ಕೊಡಲಾರದವಳು ಇಡೀ ವಾರ್ಡಿನ ಮುಂದೆ ಕೈಯೊಡ್ಡುವ ಕೆಲಸ ಒಪ್ಪಿಕೊಂಡಿದ್ದಾಳೆ ಎಂಬ ತರ್ಕದೋಷವನ್ನು ಆ ಸಂಜೆ ನಾನೇ ತೋರಿಸಿಕೊಟ್ಟೆ. ಅವಳ ಮುಖ ಬಿಳಿಚಿತು.

“ಓಟು ಕೇಳಬೇಕಾಗ್ತದ? ಫೋಟೋ ಹಚ್ತಾರ, ಮಂದಿ ನೋಡಿ ಹಾಕ್ತಾರ ಅಂತ ತಿಳಕೊಂಡಿದ್ದೆ ನಾ.”

ಆದರೆ ಅಷ್ಟು ಹೊತ್ತಿಗೆ ಹೆಸರು ಹೋಗಿಯಾಗಿತ್ತು. ಹಿಂದೆ ತೆಗೆಯಬೇಕೆಂದರೆ ಸೆಕ್ರೆಟರಿಯವರನ್ನು ಕೇಳಬೇಕು. ಅದೂ ಆಗದು. ಹೀಗೆ ಅವಳು ಕಣದಲ್ಲಿ ಉಳಿದಳು.

ಪ್ರಚಾರ ಶುರುವಾಯಿತು. ಪಕ್ಷದ ಖಾಯಂ ಮತದಾರರು ಇರುವುದು ಮೂರು ಗಲ್ಲಿಗಳಲ್ಲಿ: ಕಾರ್ಖಾನೆಯಿಂದ ನಿವೃತ್ತರಾದವರು, ಬೀದರ, ಕಲಬುರಗಿ, ರಾಯಚೂರು ಕಡೆಯ ನಮ್ಮ ಮಂದಿ. ಸೆಕ್ರೆಟರಿಯವರ ಪ್ರಚಾರಶಾಸ್ತ್ರದ ಪ್ರಕಾರ ಪ್ರತಿದಿನ ಈ ಮೂರು ಗಲ್ಲಿಗೇ ಹೋಗಬೇಕು. ಏಕೆಂದರೆ ಅಲ್ಲಿ ಎಲ್ಲರೂ “ನಮ್ಮ ಓಟು ನಿಮಗನ್ರೀ” ಎನ್ನುತ್ತಾರೆ, ಚಹಾ ಕೊಡುತ್ತಾರೆ, ಒಗ್ಗರಣೆ ಹಾಕಿದ ಚುರುಮುರಿ ಕೊಡುತ್ತಾರೆ. ಒಂದೇ ಮನೆಗೆ ಐದನೆಯ ಸಲ ಹೋದಾಗ ಆ ಮನೆಯ ಅಜ್ಜಿ, “ಹಾಕ್ತೀನಿ ಅಂದೀನಲ್ಲೋ ಯಪ್ಪಾ, ಬರೆದು ಕೊಡ್ಲೇನು?” ಎಂದರು. ಸೆಕ್ರೆಟರಿಯವರು ಸಂತೃಪ್ತರಾಗಿ, “ಅಲೆ ಐತಿ, ಅಲೆ” ಎಂದು ಇನ್ನೊಂದು ಮುಷ್ಟಿ ಚುರುಮುರಿ ಬಾಯಿಗೆ ಹಾಕಿಕೊಂಡರು.

ನಾನು ಎದ್ದು ನಿಂತೆ. “ಸಾಹೇಬ್ರ, ಒಪ್ಪಿದವರನ್ನೇ ಒಪ್ಪಿಸಿದರೆ ಗೆಲ್ಲೂದು ಹೆಂಗ್ರಿ? ಈ ಮೂರು ಗಲ್ಲಿಯ ಆಚೆ ಹೋಗಬೇಕು” ಎಂದು, ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ವಾರ್ಡಿನ ನಕ್ಷೆ ಬರೆದು ಬಣ್ಣಬಣ್ಣದ ವೃತ್ತ ಹಾಕಿದೆ. ತೆಲುಗಿನವರ ಅಪಾರ್ಟ್‌ಮೆಂಟುಗಳು ನೀಲಿ. ದಖ್ಖನಿ ಉರ್ದು ಮಾತಾಡುವ ಬಸ್ತಿಯ ಓಣಿಗಳು ಹಸಿರು. ಮಾರವಾಡಿ ಅಂಗಡಿ ಸಾಲು ಹಳದಿ. ಬಜಾರಿನ ಹೆಂಗಸರದು ಕೆಂಪು. ಅದರ ಪಕ್ಕದಲ್ಲಿ ‘ತಲುಪುವುದು ಅತಿ ಕಷ್ಟ’ ಎಂದು ಬರೆದು ಎರಡು ಗೆರೆ ಎಳೆದೆ. ಪ್ರತಿ ವೃತ್ತಕ್ಕೂ ಮೂರು ವಾದ, ಎರಡು ಪ್ರತಿವಾದ. ಅತ್ಯಾ ನಕ್ಷೆಯನ್ನು ಭಕ್ತಿಯಿಂದ ನೋಡಿ, “ಭಾಳ ಛಂದ ತಗದಿ. ರಂಗೋಲಿ ಇದ್ದಂಗ ಐತಿ” ಎಂದಳು.

ಮೊದಲ ದಿನ ಬಸ್ತಿ. ಮೊದಲ ಮನೆ. ಬಾಗಿಲು ತೆರೆದ ಹೆಂಗಸು ಏನು ಬೇಕಿತ್ತು ಎಂಬಂತೆ, “ಕ್ಯಾ ಹೋನಾ ಅಮ್ಮಾ?” ಎಂದಳು. ಅಭ್ಯರ್ಥಿಯ ಬಾಳಿನಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬರುವುದುಂಟೆ? ಚೆಂಡು ತಾನಾಗಿ ಬ್ಯಾಟಿಗೆ ಬಂದು ನಿಂತಿದೆ. ನಮ್ಮ ಅತ್ಯಾ ಎರಡೂ ಕೈಯಾಡಿಸಿ, “ಕುಛ್ ನಕ್ಕೋ ಮಾ, ಕುಛ್ ಭೀ ನಕ್ಕೋ” ಎಂದಳು. ಏನೂ ಬೇಡವಂತೆ. ಆ ಹೆಂಗಸು ಗೊಂದಲದಿಂದ ಬಾಗಿಲು ಹಾಕಿಕೊಂಡಳು. ಆ ದಿನ ನಾವು ಸುಮಾರು ಮೂವತ್ತು ಮನೆಗಳಿಗೆ ಹೋಗಿ, ನಮಗೆ ಏನೂ ಬೇಡವೆಂದು ತಿಳಿಸಿ ಬಂದೆವು.

ಮರುದಿನ ಅಪಾರ್ಟ್‌ಮೆಂಟ್. ಅಲ್ಲಿ ಮಾತು ನನ್ನದೆಂದು ನಿಶ್ಚಯವಾಯಿತು. ನಿವೃತ್ತ ಎಂಜಿನಿಯರೊಬ್ಬರು, ತೆಲುಗಿನವರು, ಗೆಲ್ಲದ ಪಕ್ಷಕ್ಕೆ ಮತ ಹಾಕಿ ಹಾಳು ಮಾಡುವುದೇಕೆ ಎಂದು ಕೇಳಿದರು. ಅಯ್ಯೋ ಪಾಪ. ಯಾರನ್ನು ಕೇಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೆಲ್ಲುವವರು ಯಾರೆಂದು ಮೊದಲೇ ತಿಳಿದಿದ್ದರೆ ತಾವು ಮತಗಟ್ಟೆಯವರೆಗೆ ನಡೆಯುವುದೇಕೆ, ತಾವು ಕಟ್ಟಿದ ಸೇತುವೆಗಳ ಮೇಲೂ ಹೆಚ್ಚು ಜನ ಹೋದ ಕಡೆಗೇ ಹೋಗುತ್ತಿದ್ದಿರೇನು ಎಂದು ಒಂದರ ಹಿಂದೆ ಒಂದು ಬಿಟ್ಟೆ. ಅವರ ಹೆಂಡತಿ ಒಳಗಿನಿಂದ ಚಪ್ಪಾಳೆ ತಟ್ಟಿದರು. ಲಿಫ್ಟಿನಲ್ಲಿ ಇಳಿಯುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

“ಆ ಯಜಮಾನ್ರ ಮುಖಾ ಇಷ್ಟ ಸಣ್ಣದಾಯ್ತು” ಎಂದಳು ಅತ್ಯಾ. “ಇನ್ನೂ ಊಟಾ ಸೈತ ಮಾಡಿರಲಿಲ್ಲ.”

“ಅತ್ಯಾ, ನಾ ಗೆದ್ದೆ.”

“ಹೌದು ಬಿಡು. ಆ ಬ್ಲಾಕಿನವರು ಇನ್ನ ನಿನಗ ಚರ್ಚಾಸ್ಪರ್ಧೆ ಕಪ್ಪು ಕೊಡ್ತಾರ, ನನಗ ಓಟು ಕೊಡೂದಿಲ್ಲ.”

ಹಾಗೆಯೇ ಆಯಿತು. ಹಿರಿಯರಿಗೆ ಅವಮಾನವಾಯಿತೆಂದು ಇಡೀ ಬ್ಲಾಕು ಸಂಜೆಯೊಳಗೆ ಎದುರು ಪಕ್ಷದ ಪಾಲಾಯಿತು. ಕ್ಷಮೆ ಕೇಳಿ ಬಾ ಎಂದು ಸೆಕ್ರೆಟರಿಯವರು ಅತ್ಯಾಳನ್ನು ಕಳಿಸಿದರು. ಕ್ಷಮೆ ಕೇಳುವುದೂ ಕೇಳುವುದೇ ಅಲ್ಲವೆ? ಅವಳು ಒಂದು ಡಬ್ಬಿ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಕುಟ್ಟಿಕೊಂಡು ಹೋಗಿ, ಎಂಜಿನಿಯರರ ಕೈಯಲ್ಲಿಟ್ಟು, ಒಂದು ಮಾತೂ ಆಡದೆ ಬಂದಳು. ಅವರು ಮರುದಿನ ಖಾಲಿ ಡಬ್ಬಿ ಹಿಡಿದು ತಾವೇ ಬಂದರು. ಹಿಂಡಿ ಬಹಳ ರುಚಿಯಾಗಿದೆ, ಇನ್ನೊಂದಿಷ್ಟು ಸಿಕ್ಕೀತೆ ಎಂದರು. ಮತ ಮಾತ್ರ ಎದುರು ಪಕ್ಷಕ್ಕೇ ಎಂದೂ ಸೇರಿಸಿದರು. ಅತ್ಯಾ ಡಬ್ಬಿ ತುಂಬಿ ಕೊಟ್ಟಳು.

ಎದುರು ಪಕ್ಷ ಎಂದೆನಲ್ಲ, ಅದು ದೊಡ್ಡ ಪಕ್ಷ. ಅದರ ಅಭ್ಯರ್ಥಿ ಒಬ್ಬ ಕಟ್ಟಡ ಗುತ್ತಿಗೆದಾರರ ಹೆಂಡತಿ, ಸಣ್ಣ ವಯಸ್ಸಿನವಳು, ನನಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ಅವರ ಪೋಸ್ಟರಿನಲ್ಲಿ ಗಂಡನ ಫೋಟೋ ಬಾಗಿಲಷ್ಟು, ಅವಳ ಫೋಟೋ ಬಾಗಿಲಿನ ಚಿಲಕದಷ್ಟು. ಒಂದು ಮಧ್ಯಾಹ್ನ ಅವಳು ಡೋಲು ಬಾರಿಸುವವರ ಸಮೇತ ನಮ್ಮ ಮನೆಗೇ ಬಂದಳು. ಬಂದವಳೇ ಅತ್ಯಾಳ ಕಾಲಿಗೆರಗಿ, “ಆಶೀರ್ವದಿಂಚಂಡಮ್ಮಾ” ಎಂದಳು.

ನಾನು ಹಿಂದಿನಿಂದ ಅತ್ಯಾಳ ಸೆರಗು ಜಗ್ಗಿದೆ. ಸೀರೆಯ ನೆರಿಗೆ ಬಿಚ್ಚಿತೇ ಹೊರತು ಅವಳು ತಿರುಗಲಿಲ್ಲ. ಆ ಹುಡುಗಿಯ ತಲೆ ಮೇಲೆ ಕೈಯಿಟ್ಟು, ಗೆದ್ದು ಬಾ ಮಗಳೆ ಎಂದು ಸ್ವಚ್ಛ ತೆಲುಗಿನಲ್ಲಿ ಹರಸಿದಳು. ಮೊದಲನೆಯ ಸಲ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಒಳಗೆ ಹೋಗಿ ಖಣ, ತೆಂಗಿನಕಾಯಿ ತಂದು ಮಡಿಲಿಗೆ ಹಾಕಿದಳು. ಇಷ್ಟನ್ನೂ ಅವರ ಕಡೆಯವನೊಬ್ಬ ಫೋನಿನಲ್ಲಿ ಹಿಡಿದುಕೊಂಡ. ಸಂಜೆಯೊಳಗೆ ವಾರ್ಡಿನ ಪ್ರತಿ ಫೋನಿನಲ್ಲೂ ನಮ್ಮ ಅಭ್ಯರ್ಥಿ ಎದುರಾಳಿಗೆ ಜಯವಾಗಲಿ ಎನ್ನುತ್ತಿದ್ದಳು. ಹಿನ್ನೆಲೆಯಲ್ಲಿ ಶಹನಾಯಿ ಬೇರೆ.

ಸೆಕ್ರೆಟರಿಯವರು ಬಂದು ತಲೆ ಮೇಲೆ ಕೈ ಹೊತ್ತು ಕೂತರು. “ಅಕ್ಕಾರ, ಖಣ ಕೊಟ್ಟಿರಿ. ಕಾಯಿ ಕೊಟ್ಟಿರಿ. ವಾರ್ಡೂ ಕೊಟ್ಟುಬಿಟ್ರಿ.”

“ಮನಿಗೆ ಬಂದು ಕಾಲು ಹಿಡದ್ಳು. ಸೋಲು ಅನ್ಲೇನು?” ಎಂದಳು ಅತ್ಯಾ.

ಸೆಕ್ರೆಟರಿಯವರು ನನ್ನ ಮುಖ ನೋಡಿದರು. ನಾನು ನಕ್ಷೆಯ ಮುಖ ನೋಡಿದೆ.

ನಕ್ಷೆಯ ಮುಂದೆ ಕೂತಿದ್ದಾಗಲೇ, ಅದರ ಮರುದಿನ ನಡುಮಧ್ಯಾಹ್ನ, ಒಬ್ಬ ಹೆಂಗಸು ಸೀದಾ ಮನೆಯೊಳಗೆ ಬಂದಳು. ಸೊಪ್ಪು ಮಾರುವವಳು, ಕೈಗೆ ಕೊತ್ತಂಬರಿ ವಾಸನೆ. ಅತ್ಯಾಳ ಕಡೆ ತಲೆಯಾಡಿಸಿ ಹಿತ್ತಲಿಗೆ ಹೋದಳು, ಐದು ನಿಮಿಷಕ್ಕೆ ತಿರುಗಿ ಬಂದು ಹೊರಟುಹೋದಳು. ಅವಳ ಹಿಂದೆ ಬಳೆ ಮಾರುವವಳು. ಅವಳ ಹಿಂದೆ ಹೂವಿನವಳು. ಆಮೇಲೆ ಪ್ಲಾಸ್ಟಿಕ್ ಕೊಡ ಮಾರುವ ರಾಜಸ್ಥಾನದ ಹೆಂಗಸು. ಹೊಸ್ತಿಲಲ್ಲಿ ಏಳು ಜೊತೆ ಚಪ್ಪಲಿ ಸೇರಿದವು. ನಾನು ಕಾಲೇಜಿನಲ್ಲಿರುವ ಹೊತ್ತಿನಲ್ಲಿ ದಿನವೂ ಇದೇ ನಡೆಯುತ್ತಿತ್ತಂತೆ, ವರ್ಷಗಳಿಂದ. ಬಜಾರಿನ ಹೆಂಗಸರಿಗೆಲ್ಲ ನಮ್ಮ ಹಿತ್ತಲಿನ ಪಾಯಖಾನೆಯೇ ಗತಿ.

ನನ್ನ ನಕ್ಷೆಯಲ್ಲಿ ‘ತಲುಪುವುದು ಅತಿ ಕಷ್ಟ’ ಎಂದಿದ್ದವರು ನಮ್ಮದೇ ಹಿತ್ತಲಲ್ಲಿ ಸರದಿ ನಿಂತಿದ್ದಾರೆ! ತೆಲುಗು, ದಖ್ಖನಿ, ಮಾರವಾಡಿ, ಎಲ್ಲ ಬಣ್ಣವೂ ಒಂದೇ ಸಾಲಿನಲ್ಲಿ. ಯಾವ ದೊಡ್ಡ ಪಕ್ಷಕ್ಕೆ ಇಂಥ ಸರ್ವಭಾಷಾ ಬೆಂಬಲವಿದೆ?

“ಅತ್ಯಾ, ಇವರನ್ನ ಕೇಳು. ಒಂದು ಮಾತು. ನೀ ಇಷ್ಟು ಮಾಡೀದಿ, ಅವರು ಇಲ್ಲ ಅನ್ನೂದಿಲ್ಲ.”

“ಪಾಯಖಾನಿಗೆ ಬಂದವರ ಕಡೆ ಓಟು ಕೇಳ್ಲೇನು? ಬ್ಯಾರೆ ಕಡೆ ಓಟು ಹಾಕಾಕಿ ನಾಳಿಂದ ಬರೂದ ಬಿಡ್ತಾಳ. ಮುಂಜಾನಿಂದ ಸಂಜಿ ಮಟ ತಡಕೊಂಡು ಕುಂದ್ರತಾಳ. ಅದೂ ಅಲ್ಲದ, ಇವರಾಗ ಅರ್ಧಾ ಮಂದಿ ಮುಂಜಾನಿ ಲೋಕಲ್ ಟ್ರೇನಿನ್ಯಾಗ ಬರ್ತಾರ. ಅವರ ಓಟು ಇಲ್ಲಿ ಎಲ್ಲೈತಿ?”

ಚರ್ಚೆಯಲ್ಲಿ ನಾನು ಹಲವು ಬಗೆಯ ಎದುರಾಳಿಗಳನ್ನು ಕಂಡಿದ್ದೇನೆ. ತನಗೆ ಮತವನ್ನೇ ಹಾಕಲಾರದವರಿಗಾಗಿ ಚುನಾವಣೆಗೆ ನಿಂತ ಅಭ್ಯರ್ಥಿಗೆ ಏನು ಪ್ರತಿವಾದ ಹೂಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೂ ನಾನು ಸೋಲೊಪ್ಪುವವಳೆ? ಅತ್ಯಾಗೆ ತಿಳಿಯದಂತೆ ಸೊಪ್ಪಿನವಳನ್ನು ಗೇಟಿನ ಹತ್ತಿರ ಹಿಡಿದೆ. ಅವಳ ಮನೆ ನಮ್ಮ ವಾರ್ಡಿನಲ್ಲೇ ಎಂದು ವಿಚಾರಿಸಿಕೊಂಡಿದ್ದೆ. ಇಷ್ಟು ವರ್ಷ ಯಾರ ಮನೆ ನಿನಗೆ ಆಸರೆಯಾಗಿದೆ ನೆನಪಿಸಿಕೋ ಎಂದು, ತೆಲುಗಿನಲ್ಲಿ, ಮೂರು ಅಂಶಗಳಲ್ಲಿ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು ಹೋದಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ದೊಡ್ಡ ಪಕ್ಷಕ್ಕೆ ಮತ ಹಾಕುವುದಾಗಿ ಅವಳ ಮನೆಯವರೆಲ್ಲ ಮಾತು ಕೊಟ್ಟಿದ್ದರಂತೆ. ಬಜಾರಿನಲ್ಲಿ ಅವಳು ಗೋಣಿತಾಟಿನ ಮೇಲೆ ಮುದುಡಿ ಕೂತಿದ್ದಳು. ಸೊಪ್ಪಿಗೆ ಚಿಮುಕಿಸುವ ನೀರಿನ ಚೊಂಬು ಪಕ್ಕದಲ್ಲೇ ಇದ್ದರೂ ಒಂದು ಗುಟುಕು ಬಾಯಿಗೆ ಹಾಕುತ್ತಿರಲಿಲ್ಲ ಎಂದು ಹೂವಿನವಳು ಬಂದು ಹೇಳಿದಳು. ಯಾರು ಏನು ಹೇಳಿದ್ದೆಂದೂ ಹೇಳಿದಳು.

ಅತ್ಯಾ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎರಡು ಪ್ರತಿವಾದ ಸಿದ್ಧವಿದ್ದವು. ಚಪ್ಪಲಿ ಮೆಟ್ಟಿಕೊಂಡು ಬಜಾರಿಗೆ ಹೋದಳು. ನಾನು ಹಿಂದಿನಿಂದ ಹೋದೆ. ಸೊಪ್ಪಿನವಳ ಮುಂದೆ ನಡುಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ನಾಲ್ಕು ಜನಕ್ಕೆ ಕೇಳುವಂತೆ ಹೇಳಿದಳು: “ನೀನು ಮಾತು ಕೊಟ್ಟವರಿಗೇ ಓಟು ಹಾಕು. ಇವರೆಲ್ಲರ ಮುಂದೆ ಹೇಳ್ತಿದ್ದೀನಿ, ನನಗೆ ಹಾಕಬೇಡ. ಈಗ ಎದ್ದು ನಮ್ಮ ಮನೆಗೆ ನಡಿ.” ಇದು ತೆಲುಗಿನಲ್ಲಿ ನಡೆದ ಮಾತು, ಬೇಕಾದರೆ ಭಾಷಾಂತರದಲ್ಲಿ ತಪ್ಪು ಹುಡುಕಿ, ಅರ್ಥದಲ್ಲಿ ಅನುಮಾನವಿಲ್ಲ. ಒಬ್ಬ ಅಭ್ಯರ್ಥಿ ಬಹಿರಂಗವಾಗಿ, ಸಾಕ್ಷಿಗಳ ಸಮಕ್ಷಮ, ತನಗೆ ಮತ ಹಾಕಬೇಡವೆಂದು ಮಾಡಿದ ಭಾಷಣ ಅದು. ಇಡೀ ಪ್ರಚಾರದಲ್ಲಿ ಅವಳು ಮಾಡಿದ ಒಂದೇ ಭಾಷಣ.

ಸೊಪ್ಪಿನವಳು ಎದ್ದಳು. ಅವಳು ಹೋಗಿ ಬರುವವರೆಗೆ ಅತ್ಯಾ ಅವಳ ಜಾಗದಲ್ಲಿ ಕೂತು ಪಾಲಕ ಮಾರಿದಳು. ಮಾರಿದಳು ಎಂದರೆ, ಬಂದವರಿಗೆ ಎರಡೆರಡು ಕಟ್ಟು ಹೆಚ್ಚಿಗೆ ಕೊಟ್ಟಳು.

ಫಲಿತಾಂಶ ಬಂತು. ಮೂರು ಗಲ್ಲಿಯ ಮತ ನಮಗೆ, ಉಳಿದದ್ದು ಹೆಚ್ಚುಕಡಿಮೆ ಎಲ್ಲ ಅವರಿಗೆ. ಬಸ್ತಿಯಿಂದ ಯಾರೋ ಕೆಲವರು ನಮಗೆ ಹಾಕಿದ್ದರು. ಏನೂ ಬೇಡವೆಂದ ಅಭ್ಯರ್ಥಿಯನ್ನು ಅವರು ಬಾಳಿನಲ್ಲಿ ಮೊದಲ ಸಲ ನೋಡಿದ್ದಿರಬೇಕು. ಸೆಕ್ರೆಟರಿಯವರು ಇದನ್ನು ನೈತಿಕ ವಿಜಯವೆಂದು ಕ್ಷಣಮಾತ್ರದಲ್ಲಿ ಘೋಷಿಸಿ ಚಹಾ ಕುಡಿಯಲು ಮೊದಲನೆಯ ಗಲ್ಲಿಗೆ ಹೋದರು. ಅತ್ಯಾ ಎರಡು ದಿನ ಹಿತ್ತಲ ಬಾಗಿಲಲ್ಲಿ ಕೂತು, ಬರುವವರನ್ನು, ಹೋಗುವವರನ್ನು ನೋಡುತ್ತಿದ್ದಳು.

ಮೂರನೆಯ ದಿನ ಬೆಳಗ್ಗೆ ಒಳ್ಳೆಯ ಸೀರೆಯುಟ್ಟು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಬಾ ಎನ್ನಲಿಲ್ಲ. ನಿಂತಳು, ಅಷ್ಟೆ. ನಾನು ಪುಸ್ತಕ ಮುಚ್ಚಿ ಹಿಂಬಾಲಿಸಿದೆ.

ಗೆದ್ದವರ ಕಚೇರಿ ಒಂದು ಮಿಠಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿ. ದೊಡ್ಡ ಕುರ್ಚಿಯಲ್ಲಿ ಗಂಡ ಕೂತಿದ್ದ. ಪಕ್ಕದ ಸಣ್ಣ ಕುರ್ಚಿಯಲ್ಲಿ ಕಾರ್ಪೊರೇಟರ್. “ಚೆಪ್ಪಂಡಮ್ಮಾ”, ಹೇಳಿ ಅಮ್ಮಾ, ಎಂದು ಗಂಡ ಎದುರಿನ ಕುರ್ಚಿಗೆ ಕೈ ತೋರಿಸಿದ. ಅತ್ಯಾ ಅವನನ್ನು ದಾಟಿ ಹೋಗಿ ಆ ಹುಡುಗಿಯ ಮುಂದೆ ನಿಂತಳು. ಕೂತುಕೊಳ್ಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನಾನು ಹೇಳಿಬಿಡಲೇ ಎಂದುಕೊಂಡೆ, ನನ್ನಲ್ಲಿ ವಾದಗಳಿಗೇನು ಬರ? ಆದರೆ ಒಂದು ಹೆಜ್ಜೆ ಹಿಂದೆ ಸರಿದು ನಿಂತೆ.

“ನಿನ್ನನ್ನು ಕೇಳಲಿಕ್ಕೆ ಬಂದಿದ್ದೇನೆ ಮಗಳೆ” ಎಂದಳು ತೆಲುಗಿನಲ್ಲಿ, ಬಹಳ ಮೆಲ್ಲಗೆ. “ಬಜಾರಿನಲ್ಲಿ ಹೆಂಗಸರಿಗೆ ಒಂದು ಪಾಯಖಾನೆ ಬೇಕು. ಕಟ್ಟಿಸಿ ಕೊಡು.”

ಗಂಡ ಏನೋ ಹೇಳಹೊರಟ. ಆ ಹುಡುಗಿ ಅವನ ಮುಂದಿದ್ದ ಪೆನ್ನನ್ನು ತಾನು ತೆಗೆದುಕೊಂಡು, ಒಂದು ಹಾಳೆ ಎಳೆದುಕೊಂಡಳು. “ಯಾವ ಜಾಗದಲ್ಲಿ ಅಮ್ಮಾ?” ಎಂದಳು.

ಅತ್ಯಾ ಜಾಗ ಹೇಳಿದಳು. ಬಾಗಿಲು ರಸ್ತೆಯ ಕಡೆ ಬೇಡ ಎಂದಳು. ಒಳಗೆ ಚಿಲಕ ಗಟ್ಟಿಯಿರಲಿ ಎಂದಳು. ಒಮ್ಮೆ ಶುರುವಾದ ಮೇಲೆ ಒಂದೊಂದಾಗಿ ಕೇಳುತ್ತಲೇ ಹೋದಳು: ನೀರು, ದೀಪ, ಬಟ್ಟೆ ತೂಗುಹಾಕಲು ಒಂದು ಮೊಳೆ. ಆ ಹುಡುಗಿ ಬರೆದುಕೊಳ್ಳುತ್ತಲೇ ಹೋದಳು.

ಹೊರಗೆ ಬಂದೆವು. ಮೆಟ್ಟಿಲ ಮೇಲೆ ಅತ್ಯಾ ನಿಂತುಬಿಟ್ಟಳು. ನಾನು ಎರಡು ಮೆಟ್ಟಿಲು ಕೆಳಗಿಳಿದು ತಿರುಗಿ ನೋಡಿದೆ.

“ಯವ್ವಾ” ಎಂದಳು, “ಒಂದೀಟು ಕೈ ಹಿಡಕೋತಿ?”

ಹಿಡಿದೆ. ಅಂಗೈ ಪೂರ್ತಿ ಬೆವೆತು ತಣ್ಣಗಿತ್ತು. ಮೆಟ್ಟಿಲು ಮುಗಿಯಿತು, ಮಿಠಾಯಿ ಅಂಗಡಿ ದಾಟಿತು, ರಸ್ತೆ ಬಂತು. ಅವಳು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.